ಅಂಕಿತನಾಮದ ಸಂಚಾರ



ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ನಮ್ಮ ವೈಯಾಕರಣರು ಹೆಸರುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಒಂದೇ ಹೆಸರು ಈ ಮೂರು ಮನೆಗಳನ್ನೂ ಹೊಕ್ಕು ಬರುವುದುಂಟೆ? ಇಂಗ್ಲಿಷಿನ ‘ಗೈ’ ಎಂಬ ಮಾತು ಹಾಗೆ ಬಂದಿದೆ.

ಗೈ ಎಂಬುದು ಮೊದಲು ತಂದೆತಾಯಿಗಳು ಮಗನಿಗೆ ಇಡುತ್ತಿದ್ದ ಹೆಸರುಗಳಲ್ಲೊಂದು. 1605ನೆಯ ನವೆಂಬರ್ 5ರಂದು ಲಂಡನ್ನಿನ ಪಾರ್ಲಿಮೆಂಟ್ ಭವನವನ್ನು ದೊರೆ ಒಂದನೆಯ ಜೇಮ್ಸನ ಸಮೇತ ಸಿಡಿಸಿಬಿಡಬೇಕೆಂದು, ಮತದ ನಿರ್ಬಂಧಗಳಿಂದ ನೊಂದ ಕೆಲವು ಮಂದಿ ಕೆಥೊಲಿಕರು ಒಳಸಂಚು ಹೂಡಿದ್ದರು. ಅವರ ಮುಖಂಡ ರಾಬರ್ಟ್ ಕೇಟ್ಸ್‌ಬಿ. ಆದರೆ 36 ಪೀಪಾಯಿ ಮದ್ದನ್ನು ಕಾಯುತ್ತ ಸಿಕ್ಕಿಬಿದ್ದವನು ಗೈ ಫಾಕ್ಸ್. 1606ರ ಜನವರಿಯಲ್ಲಿ ಅವನಿಗೆ ಮರಣದಂಡನೆಯಾಯಿತು. ಜನದ ನಾಲಗೆಯ ಮೇಲೆ ಉಳಿದದ್ದು ಮುಖಂಡನ ಹೆಸರಲ್ಲ, ಕಾವಲಿದ್ದವನ ಹೆಸರು.

ವರ್ಷವರ್ಷವೂ ಆ ರಾತ್ರಿ ಬೆಂಕಿಹಬ್ಬ ನಡೆಯತೊಡಗಿತು. ಹುಡುಗರು ಹರಕುಬಟ್ಟೆಯ ಬೊಂಬೆಯೊಂದನ್ನು ಬೀದಿಯಲ್ಲಿ ಮೆರೆಸಿ, ಕಾಸು ಕೇಳಿ, ಬಳಿಕ ಸುಡುವರು. ಆ ಬೊಂಬೆಯೂ ಗೈ ಎನಿಸಿಕೊಂಡಿತು. ಹತ್ತೊಂಬತ್ತನೆಯ ಶತಮಾನಕ್ಕೆ, ವಿಕಾರವಾಗಿ ಉಡುಪು ತೊಟ್ಟವನನ್ನೆಲ್ಲ ಹಾಗೆ ಕರೆದು ನಗುವುದಾಯಿತು, ಅಂಕಿತನಾಮ ಅನ್ವರ್ಥನಾಮವಾಯಿತು. ಅಮೆರಿಕದಲ್ಲಿ ಆ ನಗೆಯೂ ಸವೆದು, ಯಾವ ಗಂಡಸಾದರೂ ಗೈ ಆದನು. ಇದು ಆಡುಮಾತಿನ ರೂಢನಾಮ. ಇಂದು ಬಹುವಚನದಲ್ಲಿ ಹೆಂಗಸರನ್ನೂ ಸೇರಿಸಿ ಹಾಗೆ ಸಂಬೋಧಿಸುವುದುಂಟು.

ನಮ್ಮ ನಾಡಿನಲ್ಲಿಯೂ ಹೆಸರುಗಳಿಗೆ ಈ ಗತಿ ಒದಗಿದೆ. ಹಳೆಯ ಮೈಸೂರು ಸೀಮೆಯಲ್ಲಿ ಬೋರೇಗೌಡ ಎಂಬುದು ಹಿರಿಯರು ಪ್ರೀತಿಯಿಂದ ಇಟ್ಟ ಹೆಸರು. ಪಟ್ಟಣದ ಹಾಸ್ಯಗಾರರಾದರೋ, ಹಳ್ಳಿಯಿಂದ ಬಂದು ದಿಕ್ಕುತೋಚದೆ ನಿಂತವನನ್ನು, ಅವನ ಹೆಸರು ಏನೇ ಇರಲಿ, ‘ಬೋರೇಗೌಡ’ ಎಂದು ಕರೆಯುವುದುಂಟು. ನಗುವವರಿಗೆ ಅದು ಅನ್ವರ್ಥನಾಮ. ತರಗತಿಯಲ್ಲಿ ಹಾಜರಿ ಕೂಗಿದಾಗ ಆ ಹೆಸರಿಗೆ ಓಗೊಡಬೇಕಾದ ಹುಡುಗನಿಗೆ ಅದು ಅಂಕಿತನಾಮವೇ. ಅವನು ಯಾವ ಸಂಚನ್ನೂ ಹೂಡಿದವನಲ್ಲ. ಆದರೂ ಬೊಂಬೆಯ ಪಾಡು ಅವನಿಗೆ.

ಗೈ ಎಂಬ ಮಾತಿನ ಕೊಂಕು ಕಳೆದದ್ದು ಅದು ಎಲ್ಲರಿಗೂ ಸಲ್ಲತೊಡಗಿದ ಮೇಲೆ. ಒಂದು ಬಗೆಯ ಜನರನ್ನೇ ಬೆರಳಿಟ್ಟು ತೋರಿಸುವವರೆಗೆ ಯಾವ ಹೆಸರಿನ ಕೊಂಕೂ ಕಳೆಯಲಾರದು. ಅದನ್ನು ಕಳೆಯುವ ಶಕ್ತಿ ವೈಯಾಕರಣರಿಗಿಲ್ಲ. ಮಾತನಾಡುವ ನಮಗೆ, ನಿಮಗೆ ಇದೆ.