ಹೊಳೆಯೂ ಘಟ್ಟವೂ ಕಲಿಸಿದ ಪಾಠ



ಮುರಗೂಡದವರಾದ ನಾವು ವೇದಗಂಗೆಯ ದಂಡೆಯಲ್ಲಿ ಬೆಳೆದವರು. ಆ ಹೊಳೆ ದೂಧಗಂಗೆಯನ್ನು ಕೂಡಿ ಕೃಷ್ಣೆಯ ಪಾಲಾಗುತ್ತದೆ. ಅದೇ ಸಹ್ಯಾದ್ರಿಯಲ್ಲಿ ಹುಟ್ಟಿ ಪಡುಗಡಲಿಗೆ ಹರಿಯುವ ಕಾಳೀನದಿಯಲ್ಲಿ ರಬ್ಬರು ತೆಪ್ಪವನ್ನೇರಲು ನಾವು ಜೋಯಿಡಾ ತಾಲೂಕಿನ ಗಣೇಶಗುಡಿಗೆ ಹೋಗಿದ್ದೆವು.

ಅಲ್ಲಿಯ ನೊರೆನೀರು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಟ್ಟದ್ದು. ನೀರು ಬಿಟ್ಟರೆ ತೆಪ್ಪ ಓಡುವುದು. ಹಳೆಯ ಸೂಪಾ ಊರು ಆ ಜಲಾಶಯದಡಿಯಲ್ಲಿ ಮುಳುಗಿದೆ. ನಮ್ಮ ಉಲ್ಲಾಸದ ಹಿಂದೆ ಅನೇಕರ ಮನೆಮಾರುಗಳ ತ್ಯಾಗವಿದೆಯೆಂಬುದನ್ನು ಮರೆಯಲಾಗದು.

ಹೊರಡುವ ಮುನ್ನ ಮಾರ್ಗದರ್ಶಕನು ಹೇಳಿದ್ದು ಇಷ್ಟು: “ನೀರಿಗೆ ಬಿದ್ದರೆ ನಿಲ್ಲಲು ಯತ್ನಿಸಬೇಡಿರಿ. ಬಂಡೆಗಳ ಸಂದಿನಲ್ಲಿ ಪಾದ ಸಿಕ್ಕಿದರೆ ಸೆಳವು ಮೈಯನ್ನು ಮುಳುಗಿಸುವುದು. ಅಂಗಾತ ಮಲಗಿ, ಕಾಲುಗಳನ್ನು ಹರಿವಿನತ್ತ ಚಾಚಿ ತೇಲಿರಿ.” ಮೂರನೆಯ ಇಳಿತದಲ್ಲಿ ನಮ್ಮಲ್ಲೊಬ್ಬನು ಬಿದ್ದೇಬಿಟ್ಟನು. ಅವನಿಗೆ ಈಜು ಬಾರದು. ಮೈಮೇಲಿನ ಲೈಫ್ ಜಾಕೆಟ್ಟೂ ಕೇಳಿದ ಮಾತಿನ ನೆನಪೂ ಅವನನ್ನು ತೇಲಿಸಿದುವು. ಎಸೆದ ಹಗ್ಗ ಕೈಗೆ ಸಿಕ್ಕಿತು. ನಮ್ಮ ಎದೆಬಡಿತ ಮಾತ್ರ ಬಹಳ ಹೊತ್ತು ಇಳಿಯಲಿಲ್ಲ.

ಮಧ್ಯಾಹ್ನ ಘಟ್ಟದ ದಾರಿಯಲ್ಲಿ ಸೈಕಲ್ ಸವಾರಿ. ಅಲ್ಲಿಯೂ ಅದೇ ನೀತಿ: ತಿರುವಿನೊಳಗೆ ಹೊಕ್ಕು ಬ್ರೇಕು ಹಿಡಿದರೆ ಚಕ್ರ ಜಾರುವುದು, ತಿರುವಿಗೆ ಮೊದಲೇ ವೇಗವನ್ನಿಳಿಸಬೇಕು.

ಮಹನೀಯರೇ, ಹೊಳೆಯ ದಂಡೆಯ ಊರಿನ ಮಕ್ಕಳಿಗೆ ಈಜು ಬಾರದಿರುವುದು ನಮ್ಮ ಕೊರತೆ. ಬೇಸಿಗೆಯಲ್ಲಿ ಹಿರಿಯರ ಕಣ್ಗಾವಲಿನಲ್ಲಿ ಅವರಿಗೆ ಈಜು ಕಲಿಸೋಣ. ಇಷ್ಟನ್ನು ಬಿನ್ನವಿಸಿ ವಿರಮಿಸುತ್ತೇವೆ.