ಹದಿಮೂರು ಮನೆಗಳ ಒಂದು ಅಂಗಳ



ದಾರಿಹೋಕರು ಒಂದೆರಡು ರಾತ್ರಿ ತಂಗಲೆಂದು ಹಿಂದಿನವರು ಕಟ್ಟಿಸಿದ ಧರ್ಮಛತ್ರಗಳನ್ನು ನೀವು ನೋಡಿರಬಹುದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇನ್ನೊಂದು ಬಗೆಯ ಧರ್ಮದ ಕಟ್ಟಡವಿದೆ. ಅದೇ ಆಮ್ಸ್‌ಹೌಸ್. ಆಮ್ಸ್ ಎಂದರೆ ಬಡವರಿಗೆ ಕೊಡುವ ದಾನ. ಇದು ತಂಗುದಾಣವಲ್ಲ, ಬಡ ವೃದ್ಧರು ಕೊನೆಯವರೆಗೂ ಬಾಳುವ ಮನೆ. ಅಂಥ ಒಂದು ಮನೆಯನ್ನು ಇಂದು ನೋಡೋಣ.

ಆಕ್ಸ್‌ಫರ್ಡ್‌ಶೈರಿನಲ್ಲಿ ಯೂಎಲ್ಮ್ ಎಂಬ ಹಳ್ಳಿಯಿದೆ. ಸಫಕ್‌ನ ಅರ್ಲ್ ಆಗಿದ್ದ ವಿಲಿಯಂ ಡಿ ಲಾ ಪೋಲ್ ಮತ್ತು ಅವನ ಪತ್ನಿ ಆಲಿಸ್, 1437ರಲ್ಲಿ ಆರನೆಯ ಹೆನ್ರಿ ದೊರೆಯ ಅನುಮತಿ ಪಡೆದು ಇಲ್ಲಿ ಆಮ್ಸ್‌ಹೌಸ್ ಸ್ಥಾಪಿಸಿದರು. ಆಲಿಸ್, ಕವಿ ಜೆಫ್ರಿ ಚಾಸರನ ಮೊಮ್ಮಗಳು. ಹದಿಮೂರು ಮಂದಿ ಬಡವರಿಗೆ ಇಲ್ಲಿ ಆಶ್ರಯ. ಜೊತೆಗೆ ಇಬ್ಬರು ಪಾದ್ರಿಗಳು: ಒಬ್ಬ ಮನೆಯ ಮೇಲ್ವಿಚಾರಕ, ಇನ್ನೊಬ್ಬ ಹುಡುಗರಿಗೆ ಉಚಿತವಾಗಿ ವ್ಯಾಕರಣ ಕಲಿಸುವ ಉಪಾಧ್ಯಾಯ.

ಕಟ್ಟಡದ ವಿನ್ಯಾಸವನ್ನು ಕಣ್ಮುಂದೆ ತಂದುಕೊಳ್ಳಿ. ಇಳಿಜಾರಿನಲ್ಲಿ ಮೇಲೆ ಚರ್ಚು, ಅದರ ಕೆಳಗೆ ಆಮ್ಸ್‌ಹೌಸ್, ಅದಕ್ಕೂ ಕೆಳಗೆ ಶಾಲೆ. ಚರ್ಚಿನಿಂದ ಮೆಟ್ಟಿಲಿಳಿದು ಬಂದರೆ ನಮ್ಮ ತೊಟ್ಟಿಮನೆಯನ್ನು ನೆನಪಿಸುವ ಚೌಕ ಅಂಗಳ. ಸುತ್ತಲೂ ಮರದ ಕಂಬಗಳ ಮೊಗಸಾಲೆ. ಮಳೆಯಲ್ಲೂ ನೆನೆಯದೆ ಓಡಾಡಬಹುದು. ಗೋಡೆಗಳು ಮರದ ಚೌಕಟ್ಟು ಮತ್ತು ಇಟ್ಟಿಗೆಯವು. ಆ ಸೀಮೆಯಲ್ಲಿ ಇಟ್ಟಿಗೆ ಆಗಿನ್ನೂ ಅಪರೂಪದ ವಸ್ತು.

ಪ್ರತಿಯೊಬ್ಬನಿಗೂ ಕೆಳಗೊಂದು, ಮೇಲೊಂದು ಕೋಣೆ. ಒಬ್ಬೊಬ್ಬನಿಗೂ ಬೇರೆ ಮನೆ, ಬೆಂಕಿ ಕಾಯಿಸಲು ಹೊಗೆಗೂಡು ಇರಬೇಕು. ತಾನೇ ಉಂಡು ವಿಶ್ರಮಿಸುವಂತಿರಬೇಕು ಎಂದು ಸಂಸ್ಥೆಯ ನಿಯಮಗಳೇ ಹೇಳುತ್ತವೆ. ಅದಕ್ಕೂ ಹಿಂದಿನ ಆಶ್ರಯಧಾಮಗಳಲ್ಲಿ ಬಡವರು ಒಂದೇ ದೊಡ್ಡ ಹಜಾರದಲ್ಲಿ ಸಾಲಾಗಿ ಮಲಗುವುದು ಸಾಮಾನ್ಯವಾಗಿತ್ತು. ಇಲ್ಲಿ ಬಡವನಿಗೂ ಒಂದು ಬಾಗಿಲು ದೊರೆಯಿತು.

ಆದರೆ ಈ ದಾನ ನಿಸ್ವಾರ್ಥವಾಗಿರಲಿಲ್ಲ. ವಾರಕ್ಕೆ 14 ಪೆನ್ನಿ ಪಡೆಯುತ್ತಿದ್ದವರು ಪ್ರತಿದಿನ ಚರ್ಚಿಗೆ ಹೋಗಿ ದಾನಿಗಳ ಆತ್ಮಕ್ಕಾಗಿ ಪ್ರಾರ್ಥಿಸಲೇಬೇಕಿತ್ತು. ಆ ದಾನಿಗಳ ಗತಿಯೇನಾಯಿತು? 1450ರಲ್ಲಿ ದೇಶಭ್ರಷ್ಟನಾಗಿ ಹೊರಟ ವಿಲಿಯಂ ಸಮುದ್ರದಲ್ಲೇ ಕೊಲೆಯಾದ. ಆಲಿಸ್ 1475ರಲ್ಲಿ ತೀರಿಕೊಂಡಳು. ಚರ್ಚಿನಲ್ಲಿರುವ ಅವಳ ಸಮಾಧಿಯ ಮೇಲೆ ವೈಭವದ ಪ್ರತಿಮೆಯಿದೆ. ಅದರ ಕೆಳಗೇ ಎಲುಬುಗೂಡಿನಂಥ ಶವದ ಶಿಲ್ಪ. ಸಿರಿಯ ಕೊನೆ ಏನೆಂಬುದನ್ನು ಅವೆರಡೂ ಸೇರಿ ಹೇಳುತ್ತವೆ.

1547ರ ಕಾನೂನು ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸುವ ದತ್ತಿಗಳನ್ನು ರದ್ದುಮಾಡಿತು. ಅಂಥ ಅನೇಕ ಸಂಸ್ಥೆಗಳು ಮುಚ್ಚಿದವು. ಯೂಎಲ್ಮ್ ಉಳಿಯಿತು. ದಾನಿಗಳು ಬಿಟ್ಟುಹೋದ ಮೂರು ಜಹಗೀರುಗಳ ಉತ್ಪನ್ನ ಅದಕ್ಕೆ ಆಧಾರವಾಗಿತ್ತು. ಒಂದನೆಯ ಜೇಮ್ಸ್ ದೊರೆಯ ಕಾಲದಲ್ಲಿ ಮೇಲ್ವಿಚಾರಕನ ಹುದ್ದೆ ಆಕ್ಸ್‌ಫರ್ಡ್‌ನ ವೈದ್ಯಶಾಸ್ತ್ರದ ಪ್ರಾಧ್ಯಾಪಕನಿಗೆ ಸೇರಿತು. ಹೀಗೆ 1905ರಿಂದ 1919ರವರೆಗೆ ಪ್ರಸಿದ್ಧ ವೈದ್ಯ ವಿಲಿಯಂ ಓಸ್ಲರ್ ಈ ವೃದ್ಧರ ಹಿರಿಯಣ್ಣನಾಗಿದ್ದ. ಇಂದಿಗೂ ಅಲ್ಲಿ ವೃದ್ಧರು ವಾಸಿಸುತ್ತಾರೆ. ಹಳೆಯ ಶಾಲಾ ಕಟ್ಟಡದಲ್ಲಿ ಊರಿನ ಮಕ್ಕಳು ಓದುತ್ತಾರೆ.

ಮಿತ್ರರೇ, ದಾನಿಗಳು ಬಯಸಿದ ಪ್ರಾರ್ಥನೆ ನೂರೇ ವರ್ಷಗಳಲ್ಲಿ ನಿಂತಿತು. ಬಡವನಿಗೆ ಕೊಟ್ಟ ಸೂರು ಐದು ಶತಮಾನ ದಾಟಿ ನಿಂತಿದೆ. ಮುಂದೆ ನಿಮ್ಮಲ್ಲಿ ಯಾರಾದರೂ ವೃದ್ಧರಿಗಾಗಿ ಮನೆ ಕಟ್ಟಿಸುವುದಾದರೆ ಯೂಎಲ್ಮ್‌ನ ಪಾಠ ನೆನಪಿರಲಿ: ಮುಚ್ಚಿಕೊಳ್ಳಲು ತನ್ನದೇ ಒಂದು ಬಾಗಿಲು, ತೆರೆದರೆ ನಾಲ್ಕು ಜನ ಸಿಗುವ ಅಂಗಳ. ವೃದ್ಧಾಪ್ಯಕ್ಕೆ ಎರಡೂ ಬೇಕು.