ಇಬ್ಬರು ನಟಿಯರ ನಡುವೆ ನಿಂತವರು

ಒಬ್ಬ ನಟಿ ಇನ್ನೊಬ್ಬ ನಟಿಯ ಬಗ್ಗೆ ಖಾರವಾದ ಮಾತೊಂದನ್ನು ಆಡಿದರೆ ಮುಂದೇನಾಗುತ್ತದೆ ಎಂಬುದನ್ನು ನಾವೆಲ್ಲ ಬೇಕಾದಷ್ಟು ಸಲ ನೋಡಿದ್ದೇವೆ. ಸಂಜೆಯೊಳಗೆ ಅದು ದೊಡ್ಡ ಸುದ್ದಿಯಾಗುತ್ತದೆ, ಅಭಿಮಾನಿಗಳು ಎರಡು ಪಾಳಯವಾಗುತ್ತಾರೆ, ಒಂದು ಕಡೆಯವರು ಆಕೆಯನ್ನು ಬಾಯಿಬಡುಕಿ ಎಂದರೆ ಇನ್ನೊಂದು ಕಡೆಯವರು ದಿಟ್ಟೆ ಎನ್ನುತ್ತಾರೆ. ಬೈಯುವವರಿಗೂ ಹೊಗಳುವವರಿಗೂ ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿರುವುದಿಲ್ಲ. ಇದು ಆ ಇಬ್ಬರು ಹೆಂಗಸರ ವೈಯಕ್ತಿಕ ಜಗಳ ಎಂದು ಎಲ್ಲರೂ ಒಪ್ಪಿಬಿಟ್ಟಿರುತ್ತಾರೆ. ಆ ಒಪ್ಪಿಗೆಯನ್ನೇ ಇವತ್ತು ಪ್ರಶ್ನಿಸಬೇಕೆಂದಿದ್ದೇನೆ. ನಟಿಯರು ತಮಗೆ ಕೆಲಸ ಕೊಡುವವರ ವಿರುದ್ಧ ಆಡಿದ ಮಾತೂ ಎದುರಾಳಿಗಳ ಬಗ್ಗೆ ಆಡಿದ ಮಾತೂ ಎಷ್ಟೋ ಸಲ ಒಂದೇ ಉಸಿರಿನಲ್ಲಿ ಬಂದಿವೆ. ನಮ್ಮ ಕಿವಿಗೆ ಬಿದ್ದದ್ದು, ನೆನಪಿನಲ್ಲಿ ಉಳಿದದ್ದು ಎರಡನೆಯದು ಮಾತ್ರ. ಇದಕ್ಕೆ ಕಾರಣವನ್ನು ಹೆಂಗಸರ ಸ್ವಭಾವದಲ್ಲಿ ಹುಡುಕಬೇಕಾಗಿಲ್ಲ, ಆ ಉದ್ಯಮ ನಡೆದುಬಂದ ರೀತಿಯಲ್ಲಿ ಹುಡುಕಬೇಕು. ಇದಕ್ಕಾಗಿ ಹಾಲಿವುಡ್ಡಿನ ಬೆಟ್ಟಿ ಡೇವಿಸ್, ಜೋನ್ ಕ್ರಾಫರ್ಡ್ ಮತ್ತು ಒಲಿವಿಯಾ ಡಿ ಹ್ಯಾವಿಲೆಂಡ್ ಅವರನ್ನು ಆಯ್ದುಕೊಂಡಿದ್ದೇನೆ. ಇವರ ವಿಷಯದಲ್ಲಿ ಗಾಳಿಮಾತು ರಾಶಿ ರಾಶಿ ಇದೆ, ನಿಜ. ಆದರೆ ಕೋರ್ಟಿನ ತೀರ್ಪುಗಳೂ ಇವೆ, ಪತ್ರಿಕೆಯ ಜಾಹೀರಾತುಗಳೂ ಇವೆ.

1930–40ರ ದಶಕದ ಹಾಲಿವುಡ್ಡಿನಲ್ಲಿ ನಟಿಯ ಬದುಕನ್ನು ಕಟ್ಟಿಹಾಕಿದ್ದು ಏಳು ವರ್ಷದ ಒಪ್ಪಂದ. ಬೇಡವೆನಿಸಿದಾಗ ಸ್ಟುಡಿಯೋ ಆಕೆಯನ್ನು ಕೈಬಿಡಬಹುದಿತ್ತು, ಆಕೆ ಮಾತ್ರ ಸ್ಟುಡಿಯೋವನ್ನು ಬಿಡುವಂತಿರಲಿಲ್ಲ. ಕೊಟ್ಟ ಪಾತ್ರ ಒಲ್ಲೆ ಎಂದರೆ ಸಂಬಳವಿಲ್ಲದ ಅಮಾನತು, ಅಮಾನತಿನ ದಿನಗಳನ್ನೆಲ್ಲ ಒಪ್ಪಂದದ ಕೊನೆಗೆ ಸೇರಿಸುವ ಪದ್ಧತಿ. ಎಷ್ಟು ಹೆಚ್ಚು ಸಲ 'ಇಲ್ಲ' ಎಂದರೆ ಅಷ್ಟು ಹೆಚ್ಚು ಕಾಲ ದುಡಿಯಬೇಕು. ಇದರ ಜೊತೆಗೆ ಸ್ಟುಡಿಯೋ ಇನ್ನೊಂದು ಏರ್ಪಾಟನ್ನೂ ಇಟ್ಟುಕೊಂಡಿರುತ್ತಿತ್ತು. ಒಬ್ಬಳು ಬೇಡವೆಂದ ಪಾತ್ರಕ್ಕೆ ಇನ್ನೊಬ್ಬಳು ಸದಾ ಸಿದ್ಧವಿರಬೇಕು. ವಾರ್ನರ್ ಬ್ರದರ್ಸ್‌ನಲ್ಲಿ ಡೇವಿಸ್ ತಿರಸ್ಕರಿಸಿದ ಪಾತ್ರಗಳು ಐಡಾ ಲುಪಿನೋ ಅವರಿಗೆ ಹೋಗುತ್ತಿದ್ದವು. ತಾನು ಬಡವರ ಬೆಟ್ಟಿ ಡೇವಿಸ್ ಎಂದು ಲುಪಿನೋ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಿದ್ದರು. ಹೀಗೆ ಎದುರಾಳಿ ಎಂಬಾಕೆ ಮತ್ಸರದಿಂದ ಹುಟ್ಟುವ ಮೊದಲೇ ಕಚೇರಿಯ ಕಾಗದಪತ್ರಗಳಲ್ಲಿ ಹುಟ್ಟಿರುತ್ತಿದ್ದಳು.

ಈ ಪದ್ಧತಿಯ ವಿರುದ್ಧ ಡೇವಿಸ್ ಬಾಯಿ ತೆರೆದದ್ದು ಕ್ರಾಫರ್ಡ್ ಬಗ್ಗೆ ಬಾಯಿ ತೆರೆಯುವುದಕ್ಕಿಂತ ಬಹಳ ಮೊದಲು. 1936ರಲ್ಲಿ, ಆಗಷ್ಟೇ ಆಸ್ಕರ್ ಗೆದ್ದಿದ್ದ ಅವರು ಕಳಪೆ ಪಾತ್ರಗಳು ಸಾಕೆಂದು ಇಂಗ್ಲೆಂಡಿಗೆ ಹೊರಟುಹೋಗಿ ಅಲ್ಲಿ ಬೇರೆ ಚಿತ್ರಕ್ಕೆ ಒಪ್ಪಿಕೊಂಡರು. ವಾರ್ನರ್ ಲಂಡನ್ನಿನ ನ್ಯಾಯಾಲಯಕ್ಕೆ ಹೋಯಿತು. ಸಂಸ್ಥೆಯ ವಕೀಲ ಸರ್ ಪ್ಯಾಟ್ರಿಕ್ ಹೇಸ್ಟಿಂಗ್ಸ್ ಆಕೆಯನ್ನು ಹೆಚ್ಚು ಹಣಕ್ಕಾಗಿ ಹಟ ಹಿಡಿದ ತುಂಟ ಹುಡುಗಿ ಎಂಬಂತೆ ಚಿತ್ರಿಸಿದರು. ಆಗ ಡೇವಿಸ್‌ಗೆ 28 ವರ್ಷ, ಚಿತ್ರರಂಗದಲ್ಲಿ ಅರ್ಧ ದಶಕದ ದುಡಿಮೆ. ಅವರು ಮೊಕದ್ದಮೆ ಸೋತು ಹಿಂತಿರುಗಿದರು. ಅದೇ ಸಂಸ್ಥೆಯಲ್ಲಿದ್ದ ಡಿ ಹ್ಯಾವಿಲೆಂಡ್ ಇದೇ ಹೋರಾಟವನ್ನು ಮುಂದಕ್ಕೆ ಒಯ್ದರು. ಏಳು ವರ್ಷ ಮುಗಿದ ಮೇಲೂ ಅಮಾನತಿನ ದಿನಗಳ ಲೆಕ್ಕ ತೋರಿಸಿ ಇನ್ನೂ ದುಡಿಯಬೇಕೆಂದಾಗ ಅವರು 1943ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನನ್ನು ಹಿಡಿದು ಕೋರ್ಟಿಗೆ ಹೋದರು. ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷ, ಸ್ಟುಡಿಯೋ ಎಣಿಸುವ ಏಳು ವರ್ಷವಲ್ಲ ಎಂಬುದು ಅವರ ವಾದ. ಆಕೆಗೆ ಕೆಲಸ ಕೊಡಬೇಡಿ ಎಂದು ಸಂಸ್ಥೆಯ ಯಜಮಾನ ಜ್ಯಾಕ್ ವಾರ್ನರ್ ಬೇರೆ ಸ್ಟುಡಿಯೋಗಳಿಗೆ ಪತ್ರ ಬರೆದರು. ಸುಮಾರು ಎರಡು ವರ್ಷ ಅವರಿಗೆ ಸಿನಿಮಾ ಕೆಲಸ ಸಿಗಲಿಲ್ಲ. ಕೊನೆಗೆ ಮೇಲ್ಮನವಿ ನ್ಯಾಯಾಲಯ 1944ರ ಡಿಸೆಂಬರಿನಲ್ಲಿ ಅವರ ವಾದವನ್ನೇ ಎತ್ತಿಹಿಡಿಯಿತು. ಮನರಂಜನಾ ಉದ್ಯಮದಲ್ಲಿ ಅದನ್ನು ಇಂದಿಗೂ ಡಿ ಹ್ಯಾವಿಲೆಂಡ್ ಕಾನೂನು ಎಂದೇ ಕರೆಯುತ್ತಾರೆ. ಆದರೆ ಸಿನಿಮಾ ಪ್ರೇಮಿಗಳಲ್ಲಿ ಎಷ್ಟೋ ಜನ ಡಿ ಹ್ಯಾವಿಲೆಂಡ್ ಹೆಸರೆತ್ತಿದೊಡನೆ ಹೇಳುವುದು ಅವರಿಗೂ ತಂಗಿ ಜೋನ್ ಫಾಂಟೇನ್‌ಗೂ ಇದ್ದ ವೈಮನಸ್ಸಿನ ಕತೆಯನ್ನು. 1947ರ ಆಸ್ಕರ್ ರಾತ್ರಿ ಅಭಿನಂದಿಸಲು ಬಂದ ತಂಗಿಗೆ ಅಕ್ಕ ಮುಖ ತಿರುಗಿಸಿದ ಫೋಟೋ ಈಗಲೂ ಓಡಾಡುತ್ತಿರುತ್ತದೆ. ಸಾವಿರಾರು ಕಲಾವಿದರ ದುಡಿಮೆಯ ಷರತ್ತನ್ನೇ ಬದಲಿಸಿದ ತೀರ್ಪಿಗೆ ಅಂಥ ಫೋಟೋ ಇಲ್ಲ.

ಯಾವುದು ನೆನಪಿನಲ್ಲಿ ಉಳಿಯಬೇಕೆಂಬ ಈ ಆಯ್ಕೆ ತಾನಾಗಿ ನಡೆದದ್ದಲ್ಲ. ನಟಿಯ ಮಾತು ಜನರನ್ನು ತಲುಪಬೇಕಾದರೆ ಅದು ಸ್ಟುಡಿಯೋದ ಪ್ರಚಾರ ವಿಭಾಗವನ್ನೋ ಅಂಕಣಕಾರರನ್ನೋ ಹಾದುಬರಬೇಕಿತ್ತು. ಹರ್ಸ್ಟ್ ಪತ್ರಿಕೆಗಳಲ್ಲಿ ಲೂಯೆಲಾ ಪಾರ್ಸನ್ಸ್, ಲಾಸ್ ಏಂಜಲೀಸ್ ಟೈಮ್ಸ್‌ನಲ್ಲಿ 1938ರಿಂದ ಹೆಡ್ಡಾ ಹಾಪರ್ ಬರೆಯುತ್ತಿದ್ದ ಅಂಕಣಗಳಿಗೆ ಕೋಟ್ಯಂತರ ಓದುಗರಿದ್ದರು. ಅವರಿಗೆ ಸುದ್ದಿ ಸಿಗಬೇಕಾದರೆ ಸ್ಟುಡಿಯೋಗಳ ಸ್ನೇಹ ಬೇಕು. ಸ್ಟುಡಿಯೋದ ಒಪ್ಪಂದ ಅನ್ಯಾಯದ್ದು ಎಂಬ ಮಾತಿನಿಂದ ಆ ಸ್ನೇಹ ಕೆಡುತ್ತದೆ. ಇಂಥವಳ ಉಡುಗೆ, ಇಂಥವಳ ಗಂಡ, ಇಂಥವಳ ನಟನೆ ಕುರಿತ ಕುಹಕದಿಂದ ಯಾರಿಗೂ ನಷ್ಟವಿಲ್ಲ, ಚಿತ್ರಕ್ಕೆ ಪುಕ್ಕಟೆ ಪ್ರಚಾರ ಬೇರೆ. ಅದೇ 1938ರಲ್ಲಿ ಚಿತ್ರಮಂದಿರಗಳ ಮಾಲೀಕರ ಸಂಘವೊಂದು ಉದ್ಯಮದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕ್ರಾಫರ್ಡ್, ಗ್ರೇಟಾ ಗಾರ್ಬೋ, ಕ್ಯಾಥರೀನ್ ಹೆಪ್‌ಬರ್ನ್, ಮರ್ಲೀನ್ ಡೀಟ್ರಿಚ್ ಮೊದಲಾದವರನ್ನು ಗಲ್ಲಾಪೆಟ್ಟಿಗೆಯ ವಿಷ ಎಂದು ಹೆಸರು ಹಿಡಿದು ಹೀಗಳೆಯಿತು. ಒಬ್ಬ ನಟಿ ಇನ್ನೊಬ್ಬಳ ಬಗ್ಗೆ ಇಷ್ಟು ನಂಜಿನ ಮಾತಾಡಿದ್ದರೆ ಅದು ಆಕೆಯ ಚರಿತ್ರೆಗೇ ಅಂಟಿಕೊಳ್ಳುತ್ತಿತ್ತು. ಆ ಜಾಹೀರಾತು ಕೊಟ್ಟ ಗಂಡಸರ ಹೆಸರು ಇವತ್ತು ಯಾರಿಗೂ ನೆನಪಿಲ್ಲ, ಅವರ ನಾಲಿಗೆಯ ಬಗ್ಗೆ ಯಾರೂ ಪುಸ್ತಕ ಬರೆಯಲಿಲ್ಲ.

ಈಗ 1962ಕ್ಕೆ ಬರೋಣ. ರಾಬರ್ಟ್ ಆಲ್ಡ್ರಿಚ್ ನಿರ್ದೇಶನದ 'ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್' ಚಿತ್ರದಲ್ಲಿ ಡೇವಿಸ್ ಮತ್ತು ಕ್ರಾಫರ್ಡ್ ಮೊದಲ ಮತ್ತು ಕೊನೆಯ ಸಲ ಎದುರುಬದುರಾಗಿ ನಟಿಸಿದರು. ಇಬ್ಬರೂ ಐವತ್ತು ದಾಟಿದ್ದರು, ಇಬ್ಬರಿಗೂ ಪಾತ್ರಗಳು ಬತ್ತಿಹೋಗಿದ್ದವು. ಆಲ್ಡ್ರಿಚ್ ಹಣಕ್ಕಾಗಿ ಹಲವು ಬಾಗಿಲು ತಟ್ಟಬೇಕಾಯಿತು. ಕೊನೆಗೆ ಹತ್ತು ಲಕ್ಷ ಡಾಲರಿಗೂ ಕಡಿಮೆ ಖರ್ಚಿನಲ್ಲಿ ಚಿತ್ರ ಮುಗಿಯಿತು. ನಟಿಯರಿಬ್ಬರೂ ಕಡಿಮೆ ಸಂಭಾವನೆಗೆ, ಲಾಭದಲ್ಲಿ ಪಾಲಿನ ಮೇಲೆ ಒಪ್ಪಿಕೊಂಡಿದ್ದರು. ಹಂಚಿಕೆ ವಹಿಸಿಕೊಂಡದ್ದು ವಾರ್ನರ್. ಆಗ ಪತ್ರಿಕೆಗಳಿಗೆ ಕೊಟ್ಟ ಫೋಟೋವೊಂದನ್ನು ಗಮನವಿಟ್ಟು ನೋಡಬೇಕು. ಆ ಕಡೆ ಡೇವಿಸ್, ಈ ಕಡೆ ಕ್ರಾಫರ್ಡ್, ನಡುವೆ ನಗುತ್ತ ಜ್ಯಾಕ್ ವಾರ್ನರ್. ಅರವತ್ತು ವರ್ಷಗಳಿಂದ ಈ ಫೋಟೋ ನೋಡಿದವರೆಲ್ಲ ಇಬ್ಬರು ಹೆಂಗಸರ ಮುಖದಲ್ಲಿ ಹಗೆ ಹುಡುಕುತ್ತ ಬಂದಿದ್ದಾರೆ. ಡೇವಿಸ್‌ರನ್ನು ಲಂಡನ್ನಿನ ಕಟಕಟೆಗೆ ಎಳೆದ ಸಂಸ್ಥೆಯ ಯಜಮಾನ ನಡುವೆ ನಿಂತಿದ್ದಾರೆ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ.

ಅದೇ ವರ್ಷ ಜ್ಯಾಕ್ ಪಾರ್ ಅವರ ಟಿವಿ ಕಾರ್ಯಕ್ರಮದಲ್ಲಿ ಡೇವಿಸ್ ಈ ಹಣದ ಪಾಡನ್ನು ವಿವರಿಸಿದರು. ಆ ಎರಡು ಮುದಿ ಹೆಂಗಸರಿಗೆ ಬಿಡಿಗಾಸೂ ಕೊಡುವುದಿಲ್ಲ ಎಂದು ಸ್ಟುಡಿಯೋ ದೊರೆಗಳು ಹೇಳಿದರಂತೆ. ಮಾತಿನ ಗುರಿ ಆ ದೊರೆಗಳು. ವಯಸ್ಸಾದ ನಟಿಯನ್ನು ಉದ್ಯಮ ಹೇಗೆ ಕಾಣುತ್ತದೆ ಎಂಬುದನ್ನು ಅವರದೇ ಮಾತಿನಲ್ಲಿ ದೇಶದ ಮುಂದೆ ಇಟ್ಟಿದ್ದರು. ಮುಂದೆ ತನ್ನನ್ನು ಹಾಗೆ ಕರೆಯಬೇಡಿ ಎಂದು ಕ್ರಾಫರ್ಡ್ ಹೇಳಿಕಳಿಸಿದರೆಂದು ಡೇವಿಸ್ ಆಮೇಲೆ ಹೇಳಿಕೊಂಡು ನಕ್ಕರು. ಕತೆ ಹರಡಿದ್ದು ಈ ಎರಡನೆಯ ಭಾಗವನ್ನು ಹಿಡಿದು. ಮೊದಲ ಭಾಗ ಬರೀ ಪೀಠಿಕೆಯಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಡೇವಿಸ್ ಉದ್ಯಮದ ಪತ್ರಿಕೆಗಳಲ್ಲಿ ಕೆಲಸ ಬೇಕಾಗಿದೆ ಎಂಬ ಜಾಹೀರಾತನ್ನೂ ಕೊಟ್ಟಿದ್ದರು. ಮೂರು ಮಕ್ಕಳ ತಾಯಿ, ವಿಚ್ಛೇದಿತೆ, ಸಿನಿಮಾದಲ್ಲಿ ಮೂವತ್ತು ವರ್ಷದ ಅನುಭವ, ಇನ್ನೂ ಓಡಾಡಬಲ್ಲೆ, ಜನ ಆಡಿಕೊಳ್ಳುವಷ್ಟು ಕೆಟ್ಟ ಸ್ವಭಾವದವಳಲ್ಲ ಎಂಬ ಧಾಟಿ ಅದರದು. ಎರಡು ಆಸ್ಕರ್ ಗೆದ್ದವರು, ಆಸ್ಕರ್ ಕೊಡುವ ಅಕಾಡೆಮಿಗೇ ಮೊದಲ ಮಹಿಳಾ ಅಧ್ಯಕ್ಷರಾಗಿದ್ದವರು ಹಾಗೆ ಬರೆಯಬೇಕಾಗಿ ಬಂತು. ಅದರಲ್ಲಿ ತಮಾಷೆಯೂ ಇತ್ತು, ಅದರಡಿಯಲ್ಲಿ ಕೋಪವೂ ಇತ್ತು. ನನ್ನ ಮಟ್ಟಿಗೆ ಡೇವಿಸ್ ಅವರ ನೇರ ಮಾತುಗಳಲ್ಲೆಲ್ಲ ಶ್ರೇಷ್ಠವಾದದ್ದು ಇದು, ಕ್ರಾಫರ್ಡ್ ಬಗ್ಗೆ ಅವರು ಹೇಳಿದ ಯಾವ ಚುಚ್ಚುಮಾತೂ ಇದಕ್ಕೆ ಸಮವಲ್ಲ.

ಎದುರಾಳಿಯ ಬಗ್ಗೆ ಅವರಾಡಿದ ಮಾತಿನಲ್ಲೂ ನಾವು ಕೇಳಿಸಿಕೊಳ್ಳದೆ ಬಿಟ್ಟದ್ದಿದೆ. ಬೇಬಿ ಜೇನ್ ಪಾತ್ರದ ಮುಖವನ್ನು ಡೇವಿಸ್ ತಾವೇ ರೂಪಿಸಿಕೊಂಡರು. ಈ ಹೆಂಗಸು ಮುಖ ತೊಳೆಯುವುದೇ ಇಲ್ಲ, ದಿನವೂ ಹಳೆಯ ಬಣ್ಣದ ಮೇಲೆ ಇನ್ನೊಂದು ಪದರ ಬಳಿದುಕೊಳ್ಳುತ್ತಾಳೆ ಎಂಬುದು ಅವರ ಕಲ್ಪನೆ. ತೆರೆಯ ಮೇಲೆ ಆ ಮುಖ ಗೋಡೆಯ ಸುಣ್ಣ ಬಿರಿದಂತೆ ಕಾಣುತ್ತದೆ, ನೋಡಲು ಹಿಂಸೆಯಾಗುತ್ತದೆ, ಆಗಬೇಕಾದದ್ದೂ ಅದೇ. ಕ್ರಾಫರ್ಡ್ ಅವರದು ಬೇರೆ ಶಿಸ್ತು. ಗಾಲಿಕುರ್ಚಿಯಲ್ಲಿ ಹಸಿವಿನಿಂದ ಸೊರಗುವ ಪಾತ್ರದಲ್ಲೂ ತಾರೆಯ ಚೆಲುವನ್ನು ಉಳಿಸಿಕೊಳ್ಳುವುದು ಪ್ರೇಕ್ಷಕರಿಗೆ ತಾನು ಸಲ್ಲಿಸಬೇಕಾದ ಋಣ ಎಂದು ನಂಬಿದವರು ಅವರು. ನಟಿ ಪಾತ್ರದಲ್ಲಿ ಕರಗಿಹೋಗಬೇಕೋ, ಪಾತ್ರದಾಚೆಗೂ ಹೊಳೆಯುತ್ತಿರಬೇಕೋ ಎಂಬುದು ನಟನಾಕಲೆಯ ಹಳೆಯ, ಗಂಭೀರ ಪ್ರಶ್ನೆ. ಡೇವಿಸ್ ಟೀಕೆಗಳಲ್ಲಿ ಹಲವು ಈ ಪ್ರಶ್ನೆಯನ್ನೇ ಕುರಿತವು. ಇಬ್ಬರು ನಟರ ನಡುವೆ ಇದೇ ಭೇದ ಬಂದಿದ್ದರೆ ವಿಮರ್ಶಕರು ಅದನ್ನು ಎರಡು ನಟನಾ ಪರಂಪರೆಗಳ ಸಂವಾದ ಎಂದು ಚರ್ಚಿಸುತ್ತಿದ್ದರು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು, ಆ ಹಗೆ ಸುಳ್ಳಲ್ಲ ಎಂಬುದು. ಒಪ್ಪುತ್ತೇನೆ. ಇಬ್ಬರೂ ಪರಸ್ಪರರನ್ನು ನಿಜವಾಗಿಯೇ ಸಹಿಸುತ್ತಿರಲಿಲ್ಲ ಎಂದು ಆಲ್ಡ್ರಿಚ್ ಹೇಳಿದ್ದಾರೆ. ಚಿತ್ರೀಕರಣದಲ್ಲಿ ಮಾತ್ರ ಇಬ್ಬರ ನಡವಳಿಕೆಯೂ ಚೊಕ್ಕವಾಗಿತ್ತು ಎಂದೂ ಅವರೇ ಹೇಳಿದ್ದಾರೆ. 1963ರ ಆಸ್ಕರ್‌ಗೆ ಡೇವಿಸ್ ಹೆಸರು ಸೂಚಿತವಾಗಿತ್ತು, ಕ್ರಾಫರ್ಡ್ ಹೆಸರಿರಲಿಲ್ಲ. ಗೆದ್ದ ಆ್ಯನ್ ಬ್ಯಾಂಕ್ರಾಫ್ಟ್ ಊರಲ್ಲಿರಲಿಲ್ಲವಾದ್ದರಿಂದ ಅವರ ಪರವಾಗಿ ಪ್ರಶಸ್ತಿ ಪಡೆಯಲು ವೇದಿಕೆ ಹತ್ತಿದವರು ಕ್ರಾಫರ್ಡ್, ಅದೂ ಮೊದಲೇ ಮಾತಾಡಿ ಏರ್ಪಾಟು ಮಾಡಿಕೊಂಡು. ಇದನ್ನು ಸಣ್ಣತನವೆಂದು ಕರೆಯಲು ನನಗೆ ಸಂಕೋಚವಿಲ್ಲ. ಈ ನಟಿಯರು ಅಮಾಯಕರೆಂದು ನಾನು ವಾದಿಸುತ್ತಿಲ್ಲ. ಅವರು ಚುರುಕು ನಾಲಿಗೆಯವರು, ಅದರ ಬೆಲೆಯನ್ನೂ ಬಲ್ಲವರು. ಹಗೆ ನಿಜವಾಗಿರಬಹುದು, ಆದರೆ ಒಂದೇ ಪಾತ್ರಕ್ಕೆ ಇಬ್ಬರು ಕಾದು ನಿಲ್ಲುವಂತೆ ಮಾಡಿದ ಏರ್ಪಾಟೂ ಅಷ್ಟೇ ನಿಜ. ಎರಡನ್ನೂ ಹೇಳದ ಕತೆ ಅಪೂರ್ಣ. ಎರಡನೆಯ ಆಕ್ಷೇಪ, ಗಂಡಸರ ಜಗಳಗಳನ್ನೂ ಜನ ಚಪ್ಪರಿಸುವುದಿಲ್ಲವೇ ಎಂಬುದು. ಚಪ್ಪರಿಸುತ್ತಾರೆ. ಆದರೂ ಡೇವಿಸ್ ಅವರದೇ ಉದಾಹರಣೆ ನೋಡಿ. 1939ರ 'ದಿ ಪ್ರೈವೇಟ್ ಲೈವ್ಸ್ ಆಫ್ ಎಲಿಜಬೆತ್ ಆ್ಯಂಡ್ ಎಸೆಕ್ಸ್' ಚಿತ್ರದಲ್ಲಿ ಎರಲ್ ಫ್ಲಿನ್ ಬದಲು ಲಾರೆನ್ಸ್ ಒಲಿವಿಯೆ ಬೇಕಿತ್ತೆಂದೂ ಫ್ಲಿನ್ ನಟನೆ ತಮಗೆ ಹಿಡಿಸಲಿಲ್ಲವೆಂದೂ ಅವರು ಬಚ್ಚಿಡದೆ ಹೇಳಿದರು. ಅದೇ ನಾಲಿಗೆ, ಅದೇ ಕಟುತನ. ಅದರ ಮೇಲೆ ಯಾರೂ ಟಿವಿ ಧಾರಾವಾಹಿ ಮಾಡಲಿಲ್ಲ.

ಡೇವಿಸ್–ಕ್ರಾಫರ್ಡ್ ಜಗಳದ ಮೇಲೆ ಮಾಡಿದರು. 2017ರಲ್ಲಿ ಎಫ್‌ಎಕ್ಸ್ ವಾಹಿನಿಯಲ್ಲಿ ಬಂದ 'ಫ್ಯೂಡ್' ಸರಣಿಯಲ್ಲಿ ಡಿ ಹ್ಯಾವಿಲೆಂಡ್ ಪಾತ್ರವೂ ಇತ್ತು, ಆ ಪಾತ್ರ ತನ್ನ ತಂಗಿಯನ್ನು ಹೊಲಸು ಬೈಗುಳದಿಂದ ಕರೆಯುತ್ತದೆ. ತಾನು ಹಾಗೆ ಕರೆದವಳಲ್ಲ, ಗಾಸಿಪ್ ಹರಡುವವಳೂ ಅಲ್ಲ ಎಂದು 101ನೆಯ ಹುಟ್ಟುಹಬ್ಬದ ಹಿಂದಿನ ದಿನ ಅವರು ಮೊಕದ್ದಮೆ ಹೂಡಿದರು. 2018ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಅಭಿವ್ಯಕ್ತಿ ಸ್ವಾತಂತ್ರ್ಯದ ಆಧಾರದ ಮೇಲೆ ವಾಹಿನಿಯ ಪರ ತೀರ್ಪಿತ್ತಿತು. ಅದಕ್ಕೂ ಹಿಂದೆ ಸಂದರ್ಶನವೊಂದರಲ್ಲಿ ಅವರು ತಂಗಿಗೆ ಬೇರೊಂದು ಚುಚ್ಚುಹೆಸರು ಇಟ್ಟಿದ್ದನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯೆಂದೇ ನನಗನ್ನಿಸುತ್ತದೆ, ಕಲಾಕೃತಿಗೆ ಅಷ್ಟು ಸ್ವಾತಂತ್ರ್ಯ ಬೇಕು. ಆದರೂ ಸ್ಟುಡಿಯೋಗಳ ಸಂಕೋಲೆ ಮುರಿದವರು ಅದೇ ರಾಜ್ಯದ ನ್ಯಾಯಾಲಯಕ್ಕೆ ಎಪ್ಪತ್ತು ವರ್ಷಗಳ ಮೇಲೆ ಮರಳಿ ಬರಬೇಕಾದದ್ದು ತಂಗಿಗೆ ಏನೆಂದು ಬೈದೆ ಎಂಬ ಪ್ರಶ್ನೆಯ ಮೇಲೆ ಎಂಬುದು ಬೇಸರ ಹುಟ್ಟಿಸುತ್ತದೆ.

ಇದೆಲ್ಲ ಹಳೆಯ ಹಾಲಿವುಡ್ ಕತೆ, ಈಗ ನಟಿಯರಿಗೆ ಅವರದೇ ವೇದಿಕೆಗಳಿವೆಯಲ್ಲ ಎಂಬುದು ಕೊನೆಯ ಆಕ್ಷೇಪ. ವೇದಿಕೆ ಬದಲಾಗಿದೆ, ಕೇಳುವ ಕಿವಿ ಅಷ್ಟಾಗಿ ಬದಲಾಗಿಲ್ಲ. 2020ರ ಜುಲೈನಲ್ಲಿ ಹಿಂದಿ ನಟಿ ಕಂಗನಾ ರಣಾವತ್ ಟಿವಿ ಸಂದರ್ಶನವೊಂದರಲ್ಲಿ ತಾಪ್ಸಿ ಪನ್ನು ಮತ್ತು ಸ್ವರಾ ಭಾಸ್ಕರ್ ಅವರನ್ನು ಬಿ ದರ್ಜೆಯ ನಟಿಯರು ಎಂದರು. ಸಹೋದ್ಯೋಗಿಗಳನ್ನು ಹಾಗೆ ಅನ್ನುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊರಗಿನಿಂದ ಬಂದ ನಟಿಯರಿಗೆ ಸಿನಿಮಾ ಮನೆತನಗಳ ಹೆಣ್ಣುಮಕ್ಕಳಿಗೆ ಸಿಗುವ ಅವಕಾಶ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಯೂ ಅಲ್ಲೇ ಇತ್ತು. ವಾರಗಟ್ಟಲೆ ಚರ್ಚೆ ನಡೆದದ್ದು ದರ್ಜೆಯ ಮೇಲೆ. ಪಾತ್ರ ಹಂಚುವವರು ಆರಾಮಾಗಿದ್ದರು. ಇದರ ಪಕ್ಕದಲ್ಲಿ ಕೇರಳದ ಹೇಮಾ ಸಮಿತಿಯನ್ನು ಇಟ್ಟುನೋಡಿ. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳು ಒಗ್ಗಟ್ಟಾಗಿ ಒತ್ತಾಯಿಸಿದ್ದರಿಂದ 2017ರಲ್ಲಿ ಅದು ರಚನೆಯಾಯಿತು, 2019ರ ಡಿಸೆಂಬರಿನಲ್ಲಿ ವರದಿ ಸರ್ಕಾರದ ಕೈಸೇರಿತು. ಲೈಂಗಿಕ ಶೋಷಣೆಯ ಜೊತೆಗೆ ಲಿಖಿತ ಒಪ್ಪಂದವಿಲ್ಲದ ದುಡಿಮೆ, ಚಿತ್ರೀಕರಣದ ಜಾಗದಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ ಎಂಬ ನೋವುಗಳೆಲ್ಲ ಅದರಲ್ಲಿದ್ದವು. ಜನರ ಕೈಗೆ ಅದು ಬಂದದ್ದು 2024ರ ಆಗಸ್ಟಿನಲ್ಲಿ, ಕೆಲವು ಭಾಗಗಳನ್ನು ತಡೆಹಿಡಿದು. ಮರುತಿಂಗಳು ಕನ್ನಡ ಚಿತ್ರರಂಗದ ಫೈರ್ ಸಂಘಟನೆ ನಮ್ಮ ಮುಖ್ಯಮಂತ್ರಿಗಳಿಗೆ ಮನವಿ ಸಲ್ಲಿಸಿ, ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದಲ್ಲಿ ಇಲ್ಲೂ ಅಂಥದೇ ಸಮಿತಿ ಬೇಕೆಂದು ಕೇಳಿತು. ಆ ಮನವಿಗೆ ಸಹಿ ಹಾಕಿದವರಲ್ಲಿ ಒಂದೇ ತಲೆಮಾರಿನ, ಒಂದೇ ಬಗೆಯ ಪಾತ್ರಗಳಿಗೆ ಪರಸ್ಪರ ಪೈಪೋಟಿಯಲ್ಲಿರುವ ನಾಯಕಿಯರೂ ಇದ್ದರು.